ಬಳಪದ ಕಲ್ಲು: 'ಮೆದು' ಅನ್ನೋದರ ಆಚೆಗೆ ಹೇಳೋಕೆ ಏನಿದೆ?

ಫಲಕಬರಹ ಕೇಳಿದ್ದು:

ಹೊಯ್ಸಳ ಶಿಲ್ಪಗಳ ಫೋಟೋ ಪ್ರದರ್ಶನಕ್ಕೆ ವಿವರಣೆ ಫಲಕಗಳು ತಯಾರಾಗ್ತಿವೆ. ನೋಡುವವರು ಹೆಚ್ಚಾಗಿ ಹೈಸ್ಕೂಲು, ಪಿಯುಸಿ ಮಕ್ಕಳು. ಒಂದು ಫಲಕ ಪೂರ್ತಿ ಕಲ್ಲಿನ ಬಗ್ಗೆಯೇ ಇರಬೇಕು, ಸುಮಾರು 150 ಪದ. ಎಲ್ಲಿ ಹುಡುಕಿದರೂ ಸಿಗೋದು ಒಂದೇ ಮಾತು: "ಬಳಪದ ಕಲ್ಲು ಮೆದು, ಅದಕ್ಕೇ ಅಷ್ಟು ನಾಜೂಕು ಕೆತ್ತನೆ." ಅಷ್ಟೇ ಆಗಿದ್ದರೆ ಬಳಪದ ಕಲ್ಲು ಸಿಗುವ ಊರಲ್ಲೆಲ್ಲ ಒಂದೊಂದು ಬೇಲೂರು ಇರಬೇಕಿತ್ತಲ್ಲ?

ತಿಳಿದವರನ್ನು ಕೇಳಬೇಕಾದ್ದು ಮೂರು. ಬಳಪದ ಕಲ್ಲು, ಕೃಷ್ಣಶಿಲೆ ಎರಡೂ ಒಂದೇನಾ? ಹೊಯ್ಸಳರ ಕಾಲದವರಿಗೆ ಈ ಕಲ್ಲಿಗೆ ಏನಾದರೂ ಬೇರೆ ಅರ್ಥ ಇತ್ತಾ, ಅಥವಾ ಹತ್ತಿರ ಸಿಕ್ಕಿತು, ಕೆತ್ತಿದರು, ಅಷ್ಟೇನಾ? ಗಂಡು ಕಲ್ಲು, ಹೆಣ್ಣು ಕಲ್ಲು ಅಂತಾರಲ್ಲ, ಅದನ್ನು ಫಲಕದಲ್ಲಿ ಹಾಕಬಹುದಾ?

---

ಭೂಪದರ:

ಮೊದಲ ಪ್ರಶ್ನೆ ನನಗೆ ಬಿಡಿ.

ಹೊಯ್ಸಳ ಗುಡಿಗಳ ಕಲ್ಲು ಕ್ಲೋರೈಟ್ ಶಿಸ್ಟ್. ಶಿಸ್ಟ್ ಅಂದರೆ ಪದರ ಕಟ್ಟಿದ ಕಲ್ಲು. ಕ್ಲೋರೈಟ್ ಅಂದರೆ ಹಸಿರು ಛಾಯೆಯ, ಅಭ್ರಕದ ಹಾಗೆ ಹಾಳೆ ಹಾಳೆಯಾಗಿ ಕೂಡಿದ ಖನಿಜ. ಅದರ ಜೊತೆ ಟಾಲ್ಕ್ ಅನ್ನುವ ಅತಿ ಮೆದು ಖನಿಜ ಎಷ್ಟು ಬೆರೆತಿದೆ ಅನ್ನೋದರ ಮೇಲೆ ಕಲ್ಲು ಜಾರುಜಾರಾಗಿ, ಸೋಪಿನ ಹಾಗೆ ಕೈಗೆ ಹತ್ತುತ್ತದೆ. ಟಾಲ್ಕ್ ಜಾಸ್ತಿ ಇದ್ದರೆ ಅದು ಅಸಲಿ ಬಳಪದ ಕಲ್ಲು. ಮಾತಿನಲ್ಲಿ ಎರಡನ್ನೂ ಬಳಪದ ಕಲ್ಲು ಅಂತಲೇ ಕರೀತಾರೆ, ತಪ್ಪೇನಿಲ್ಲ. ಕೃಷ್ಣಶಿಲೆ ಭೂವಿಜ್ಞಾನದ ಹೆಸರಲ್ಲ, ಶಿಲ್ಪಿಗಳದ್ದು ಮತ್ತು ಪೂಜೆಯವರದ್ದು. ನುಣ್ಣನೆ ಕಣದ, ಎಣ್ಣೆ ಬಿದ್ದರೆ ಕಪ್ಪಾಗುವ, ವಿಗ್ರಹಕ್ಕೆ ಒದಗುವ ಕಲ್ಲಿಗೆಲ್ಲ ಆ ಹೆಸರು ಸಲ್ಲುತ್ತದೆ. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ ಬಾಲರಾಮನ ವಿಗ್ರಹದ ಕಲ್ಲು ಮೈಸೂರು ಜಿಲ್ಲೆಯದು. ಆಮೇಲೆ ಈ ಹೆಸರು ಮನೆಮಾತಾಯಿತು. ಆದ್ದರಿಂದ ಫಲಕದಲ್ಲಿ "ಬಳಪದ ಕಲ್ಲು ಅಥವಾ ಕೃಷ್ಣಶಿಲೆ" ಅಂತ ಸಮ ಹಾಕಬೇಡಿ. ಒಂದು ಕಲ್ಲಿನ ಜಾತಿ, ಇನ್ನೊಂದು ಕಲ್ಲಿಗೆ ಕೊಟ್ಟ ಸ್ಥಾನ.

ಗಡಸುತನದ ಲೆಕ್ಕ ಮಕ್ಕಳಿಗೆ ಹಿಡಿಸುತ್ತದೆ. ಮೋಸ್ ಅಳತೆಯಲ್ಲಿ (ಅಂಕ ಹೆಚ್ಚಿದಷ್ಟೂ ಗಡಸು) ಟಾಲ್ಕ್ 1, ಕ್ಲೋರೈಟ್ 2ರಿಂದ 2.5. ನಮ್ಮ ಉಗುರು ಸುಮಾರು 2.5, ಚಾಕುವಿನ ಉಕ್ಕು 5.5. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಜ್ 7. ಅಂದರೆ ಗ್ರಾನೈಟ್ ಕೆತ್ತುವಾಗ ಕಲ್ಲೇ ಉಳಿಯನ್ನು ಸವೆಸುತ್ತದೆ, ಇಲ್ಲಿ ಉಳಿ ಕಲ್ಲನ್ನು ಕೊಯ್ಯುತ್ತದೆ. ಉಗುರಿನ ಪರೀಕ್ಷೆಯನ್ನು ಅಂಗಡಿಯಿಂದ ತಂದ ತುಂಡಿನ ಮೇಲೆ ಮಾಡಿಸಿ. ಗುಡಿಯ ಗೋಡೆ ಮುಟ್ಟಿಸಬೇಡಿ, ಅದು ಸಂರಕ್ಷಿತ ಸ್ಮಾರಕ.

ಇನ್ನೊಂದು ಮಾತು ಎಲ್ಲರ ಬಾಯಲ್ಲೂ ಇದೆ: "ಗಣಿಯಿಂದ ತೆಗೆದಾಗ ಬೆಣ್ಣೆ, ಗಾಳಿ ತಾಕಿದ ಮೇಲೆ ಉಕ್ಕು." ಅರ್ಧ ನಿಜ. ನೆಲದೊಳಗಿನ ಕಲ್ಲು ನೀರು ಕುಡಿದಿರುತ್ತದೆ. ಒದ್ದೆ ಕಲ್ಲು ಒಣ ಕಲ್ಲಿಗಿಂತ ದುರ್ಬಲ. ಒಣಗಿದ ಮೇಲೆ ಉಳಿಗೆ ಬಿಗಿ ಅನ್ನಿಸುವುದು ಅದಕ್ಕೇ. ಆದರೆ ಕ್ಲೋರೈಟಿನ ಗಡಸು 2ರಿಂದ 5ಕ್ಕೆ ಏರುವುದಿಲ್ಲ. ಇವತ್ತಿಗೂ ಹಳೇಬೀಡಿನ ಗೋಡೆ ಮೊಳೆಗೆ ಗೀರುತ್ತದೆ. ಪ್ರವಾಸಿಗಳು ಹೆಸರು ಕೆತ್ತುವುದಕ್ಕೆ ಕಲ್ಲು ಒಪ್ಪಿಕೊಳ್ಳುವುದೂ ಈ ಮೆದುವಿನಿಂದಲೇ!

---

ಉಳಿಮೊನೆ:

"ಮೆದು" ಅನ್ನುವ ಪದಕ್ಕೇ ನನ್ನ ತಕರಾರು. ಮೆದು ಕಲ್ಲು ಅಂದರೆ ಸುಲಭದ ಕಲ್ಲು ಅಂದುಕೊಳ್ತಾರೆ. ಈ ಕಲ್ಲಿನ ಗುಣ ಎರಡು: ಕಣ ನುಣುಪು, ಮತ್ತೆ ಪದರ ಇದೆ. ಕಣ ನುಣುಪಾದ್ದರಿಂದ ಕೂದಲೆಳೆಯಷ್ಟು ಗೆರೆಯೂ ಅಂಚು ಮುರಿಯದೆ ನಿಲ್ಲುತ್ತದೆ. ಪದರ ಇರುವುದರಿಂದ ತಪ್ಪು ದಿಕ್ಕಿನಲ್ಲಿ ಒಂದು ಏಟು ಬಿದ್ದರೆ ಬಿಸ್ಕತ್ತಿನ ಹಾಗೆ ಚಕ್ಕೆ ಏಳುತ್ತದೆ. ಗ್ರಾನೈಟ್ ಇಷ್ಟು ಮೋಸ ಮಾಡುವುದಿಲ್ಲ.

ನಿಯಮ ಒಂದೇ. ತೆಳುವಾದ ಅಂಗ ಯಾವುದೋ, ಅದರ ಉದ್ದ ಪದರದ ಗುಂಟ ಹೋಗಬೇಕು. ಚಾಚಿದ ತೋಳಿಗೆ ಪದರ ಅಡ್ಡ ಬಂದರೆ ಮೊಣಕೈ ಹತ್ತಿರ ಒಂದಿನ ಟಕ್ ಅಂತ ಹೋಗುತ್ತದೆ. ಮುರಿದ ಶಿಲ್ಪಗಳ ಫೋಟೋ ಇದ್ದರೆ ಮುರಿದ ಮೈ ನೋಡಿ. ಚಪ್ಪಟೆಯಾಗಿ, ನೇರವಾಗಿ ಒಡೆದಿದ್ದರೆ ಪದರದ ಗುಂಟ ಸೀಳಿದ್ದು. ಮೊಂಡಾಗಿ, ಅಂಕುಡೊಂಕಾಗಿ ಒಡೆದಿದ್ದರೆ ಏಟು ಬಿದ್ದದ್ದು. ಅಂಚಿನಿಂದ ಹೊರಕ್ಕೆ ಯಾವತ್ತೂ ಉಳಿ ಓಡಿಸಬಾರದು, ಅಂಚಿನಿಂದ ಒಳಕ್ಕೆ ತರಬೇಕು. ಕಬ್ಬಿಣದ ಭಾರಿ ಸುತ್ತಿಗೆ ಒರಟು ಕೆಲಸಕ್ಕೆ ಮಾತ್ರ. ನಾಜೂಕು ಹಂತಕ್ಕೆ ಮರದ ಕೊಡತಿ, ಚಪ್ಪಟೆ ಉಳಿ, ಅರ, ಬೈರಿಗೆ. ಕಡೆಯ ಹಂತದಲ್ಲಿ ಉಳಿಗೆ ಏಟೇ ಇಲ್ಲ, ಕೈಯಲ್ಲೇ ಒತ್ತಿ ಹೆರೆಯುವುದು. ಆಗ ಅದು ಬಡಗಿಯ ಕೆಲಸವೇ.

ಬೇಲೂರಿನ ಮದನಿಕೆಯೊಬ್ಬಳ ಕೈಬಳೆ ಅಲುಗಾಡುತ್ತದೆ ಅಂತ ಗೈಡುಗಳು ತೋರಿಸ್ತಾರಲ್ಲ, ಅದನ್ನೇ ತಗೊಳ್ಳಿ. ಬಳೆ ಆಮೇಲೆ ತೊಡಿಸಿದ್ದಲ್ಲ, ಅದೇ ಕಲ್ಲಿನದು. ಇಂಥ ಬಿಡಿ ಬಳೆ ಮಾಡುವ ದಾರಿ ಹೀಗೆ. ಮಣಿಕಟ್ಟಿನ ಸುತ್ತ ಮೊದಲು ದಪ್ಪ ಪಟ್ಟಿ ಬಿಟ್ಟುಕೊಳ್ಳಬೇಕು. ಪಟ್ಟಿಯ ಎರಡೂ ಪಕ್ಕದಿಂದ ಮಣಿಕಟ್ಟಿಗೆ ಒರಗಿದಂತೆ ಸಣ್ಣ ಬೈರಿಗೆ ಹಾಕಿ ಸಾಲು ತೂತು. ತೂತು ತೂತಿನ ನಡುವೆ ಉಳಿಯುವ ಗೋಡೆಗಳನ್ನು ತೆಳು ಅರದಿಂದ ಒಂದೊಂದಾಗಿ ಕೊಯ್ಯಬೇಕು, ಎದುರುಬದುರಾಗಿ, ಒಂದು ಈ ಕಡೆ ಒಂದು ಆ ಕಡೆ. ಒಂದೇ ಬದಿ ಪೂರ್ತಿ ಬಿಡಿಸಿದರೆ ಬಳೆಯ ಭಾರ ಉಳಿದ ಗೋಡೆಗಳ ಮೇಲೆ ಬಿದ್ದು ಬಳೆಯೇ ಮುರಿಯುತ್ತದೆ. ಕೊನೆಯ ಗೋಡೆಯನ್ನು ಕೊಯ್ಯಲೇಬೇಕು. ಆತುರಪಟ್ಟು ತಿರುಚಿ ಮುರಿದರೆ ಮಣಿಕಟ್ಟಿನ ಚಕ್ಕೆಯನ್ನೂ ಕಿತ್ತುಕೊಂಡು ಬರುತ್ತದೆ. ಮರಳುಗಲ್ಲಿನಲ್ಲಿ ಇದಕ್ಕೆ ಕೈ ಹಾಕಿದರೆ ಕಾಳು ಕಾಳಾಗಿ ಉದುರುತ್ತದೆ. ಗ್ರಾನೈಟಿನಲ್ಲಿ ಆಗದ್ದೇನಲ್ಲ, ಆದರೆ ಅಷ್ಟು ಹೊತ್ತು ತೆಳು ಉಳಿಯ ಮೊನೆ ನಿಲ್ಲಬೇಕಲ್ಲ.

ಮಕ್ಕಳ ಕೈಗೆ ಕೆತ್ತಲು ತುಂಡು ಕೊಡುವ ಯೋಚನೆ ಇದ್ದರೆ ಒಂದು ಎಚ್ಚರ. ಕೆಲವು ಬಳಪದ ಕಲ್ಲಿನಲ್ಲಿ ಟ್ರೆಮೊಲೈಟ್ ಅನ್ನುವ ಖನಿಜ ಇರುತ್ತದೆ, ಅದು ಕಲ್ನಾರಿನ (ಆಸ್ಬೆಸ್ಟಾಸ್) ಜಾತಿಗೂ ಸೇರಬಹುದು. ಕಲ್ನಾರಿನ ಪುಡಿಗೆ ಎನ್95 ಮಾಸ್ಕ್ ಸಾಲದು, ಆದ್ದರಿಂದ ಕಲ್ನಾರಿಲ್ಲ ಅಂತ ಖಚಿತವಾದ ತುಂಡನ್ನೇ ಕೊಡಿ. ಆಗಲೂ ಒಣ ಉಜ್ಜುವುದು ಬೇಡ. ನೀರು ಹನಿಸುತ್ತಾ ಉಜ್ಜಿಸಿ, ಎನ್95 ಮಾಸ್ಕ್ ಹಾಕಿಸಿ, ಪುಡಿಯನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

---

ರೂವಾರಿ_ಓದು:

ಎರಡನೇ ಪ್ರಶ್ನೆಗೆ. ಸಿಕ್ಕಿತು, ಕೆತ್ತಿದರು ಅನ್ನುವುದು ಆರಂಭಕ್ಕೆ ಸರಿ, ಮುಂದಕ್ಕೆ ಸಾಲದು.

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳದ್ದು ಮರಳುಗಲ್ಲು. ದೊಡ್ಡ ದೊಡ್ಡ ತುಂಡು, ತುಂಬು ಮೈಯ ಶಿಲ್ಪ, ಖಾಲಿ ಬಿಟ್ಟ ಗೋಡೆ. ಹನ್ನೊಂದನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ನಾಡಿನಲ್ಲಿ ಬಳಪದ ಕಲ್ಲು ಮೇಲುಗೈ ಪಡೆಯಿತು. ಅಣ್ಣಿಗೇರಿಯ ಅಮೃತೇಶ್ವರ, ಲಕ್ಕುಂಡಿಯ ಕಾಶಿವಿಶ್ವೇಶ್ವರ, 1112ರಲ್ಲಿ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಇಟಗಿಯಲ್ಲಿ ಕಟ್ಟಿಸಿದ ಗುಡಿ ಈ ಸಾಲಿನವು. ಕಡೆದ ಕಂಬ ಬಂದದ್ದೂ ಇಲ್ಲೇ. ಬುಗುರಿಯ ಹಾಗೆ ತಿರುಗಿಸಿ, ಉಳಿ ಒತ್ತಿ ಹಿಡಿದು ಸುತ್ತಲೂ ಒಂದೇ ಸಮ ಗೆರೆ ತೆಗೆದವು. ಬೇಲೂರಿನ ಚೆನ್ನಕೇಶವ 1117, ಹಳೇಬೀಡಿನ ಹೊಯ್ಸಳೇಶ್ವರ ಅದಾದ ಸ್ವಲ್ಪಕ್ಕೆ ಶುರು. ಹಾಗಾಗಿ ಈ ಕಲ್ಲನ್ನು ಹೊಯ್ಸಳರು ಕಂಡುಹಿಡಿದರು ಅಂತ ದಯವಿಟ್ಟು ಬರೆಯಬೇಡಿ. ಕಲ್ಲಿನ ಕಸುಬು ಉತ್ತರದಿಂದ ಬಂತು. ಬೇಲೂರಿನಲ್ಲಿ ಹೆಸರು ಹಾಕಿದ ದಾಸೋಜ ಮತ್ತವನ ಮಗ ಚಾವಣ ಬಳ್ಳಿಗಾವೆಯವರು, ಅಂದರೆ ಚಾಲುಕ್ಯ ನಾಡಿನವರು.

ಹೆಸರು ಹಾಕಿದ್ದು ಅಂದೆನಲ್ಲ, ನನ್ನ ಪ್ರಕಾರ ಈ ಕಲ್ಲಿನ ದೊಡ್ಡ ಅರ್ಥ ಅಲ್ಲೇ ಇದೆ. ಹೊಯ್ಸಳ ಗುಡಿಯಲ್ಲಿ ವಿಗ್ರಹದ ಬುಡದಲ್ಲಿ, ಬೆರಳಗಲದ ಪಟ್ಟಿಯಲ್ಲಿ, ಶಿಲ್ಪಿಯ ಹೆಸರು, ಊರು, ಒಮ್ಮೊಮ್ಮೆ ಬಿರುದು. ಶಿಲ್ಪಿಗೆ ಆಗಿನ ಪದ ರೂವಾರಿ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲೂ ಇದೆ, 1258ರ ಸೋಮನಾಥಪುರದಲ್ಲೂ ಇದೆ. ನಡುವೆ 62 ವರ್ಷ. ಒಬ್ಬನೇ ಆಗಿದ್ದರೆ ಹುಡುಗನಾಗಿದ್ದಾಗ ಹಿಡಿದ ಉಳಿಯನ್ನು ಮುಪ್ಪಿನವರೆಗೂ ಬಿಟ್ಟಿಲ್ಲ. ಇಬ್ಬರಾಗಿದ್ದರೆ ಹೆಸರೇ ಒಂದು ಮನೆತನದ ಗುರುತಾಗಿದೆ. ನುಗ್ಗೇಹಳ್ಳಿಯಲ್ಲಿ ಅವನ ಜೊತೆ ಕೆಲಸ ಮಾಡಿದವನು ನಂದಿಯ ಬೈಚೋಜ. 'ಓಜ' ಅಂದರೆ ಉಪಾಧ್ಯಾಯ, ಗುರು. ಅಕ್ಕಸಾಲಿ, ಕಂಚುಗಾರ, ಕಮ್ಮಾರ, ಬಡಗಿ, ಶಿಲ್ಪಿ ಐವರೂ ವಿಶ್ವಕರ್ಮ ಕುಲದವರೇ. ಮದನಿಕೆಯ ಕೊರಳ ಸರ ನೋಡಿದರೆ ಅಕ್ಕಸಾಲಿಯ ಕಣ್ಣು ಕಾಣುತ್ತದೆ. ಚಿನ್ನ, ಮರ, ದಂತದಲ್ಲಿ ಮಾಡುವುದನ್ನೆಲ್ಲ ಕಲ್ಲಿನಲ್ಲಿ ಮಾಡಿ ತೋರಿಸುತ್ತೇವೆ ಅನ್ನುವ ಪಂಥ ಅದು. ಕಲ್ಲು ಅದಕ್ಕೆ ಒದಗಿತು, ಪಂಥ ಕಟ್ಟಿದ್ದು ಮಾತ್ರ ಜನ.

ನಿಮ್ಮ "ಊರಿಗೊಂದು ಬೇಲೂರು" ಪ್ರಶ್ನೆಗೆ ಒಳ್ಳೆಯ ಹೋಲಿಕೆ ಕೋನಾರ್ಕ. ಅದೂ ಹದಿಮೂರನೇ ಶತಮಾನದ್ದು, ಸೋಮನಾಥಪುರದ ಓರಗೆಯದು. ಅಲ್ಲೂ ಕ್ಲೋರೈಟ್ ಕಲ್ಲು ಇದೆ. ಆದರೆ ಗುಡಿಯ ಮೈಯೆಲ್ಲ ಖೊಂಡಲೈಟ್ ಅನ್ನುವ ಬೇರೆ ಕಲ್ಲು. ಕ್ಲೋರೈಟನ್ನು ಬಾಗಿಲುವಾಡಕ್ಕೆ, ಗೋಡೆಯ ಗೂಡಿನ ಸೂರ್ಯನ ವಿಗ್ರಹಗಳಿಗೆ, ಹೀಗೆ ಆಯ್ದ ಜಾಗಕ್ಕೆ ಮೀಸಲಿಟ್ಟರು. ಅಲ್ಲಿ ಕಲ್ಲು ಬದಲಾದ ಜಾಗವೇ "ಇಲ್ಲಿ ನಿಂತು ನೋಡು" ಅನ್ನುತ್ತದೆ. ಹೊಯ್ಸಳರು ಜಗತಿಯಿಂದ (ಗುಡಿ ನಿಂತ ಕಟ್ಟೆಯಿಂದ) ಸೂರಿನವರೆಗೂ ಇದೇ ಕಲ್ಲನ್ನು ಹರಡಿಬಿಟ್ಟರು. ಅಡಿಯ ಆನೆ ಸಾಲಿಗೂ ಮೇಲಿನ ದೇವರಿಗೂ ಕಲ್ಲು ಒಂದೇ. ಹೆಚ್ಚುಕಡಿಮೆ ತೋರಿಸಬೇಕಾದ್ದು ಕೆತ್ತನೆಯ ಆಳದಿಂದ, ದೇವರ ಎತ್ತರದಿಂದ, ಮೇಲಿನ ತೋರಣದಿಂದ.

ಇನ್ನು ಪದದ ಸೊಗಸು. ಬಳಪ ಅಂದರೆ ಬರೆದು ಅಳಿಸುವ ಸಾಧನ. ಹಲಗೆ ಬಳಪ ಹಿಡಿಯದೆಯೇ ಕಾವ್ಯ ಹೇಳಿದವನು ತಾನು ಎಂದು ಕುಮಾರವ್ಯಾಸ ಹೆಮ್ಮೆಪಡುತ್ತಾನೆ, ಅಂದರೆ ಬಳಪ ಕರಡಿನ ಸಂಕೇತ. ತಿದ್ದಿ ಬರೆಯುವ ಕಲ್ಲೇ ಇನ್ನೊಂದು ಕಡೆ ತಿದ್ದಲಾಗದ ಕೆಲಸದ ಕಲ್ಲು. ಮಕ್ಕಳ ಫಲಕಕ್ಕೆ ಇದು ಬೇಕೇ ಬೇಕು.

ಹೊಯ್ಸಳೇಶ್ವರದ ಗೋಡೆ ಏಳುತ್ತಿದ್ದ ಶತಮಾನದಲ್ಲೇ ಶರಣರು ಸ್ಥಾವರ, ಜಂಗಮ ಅಂತ ಬೇರೆ ಮಾಡಿ, ನಿಂತ ಕಲ್ಲಿಗೆ ಅಳಿವುಂಟು ಅಂದರು ಅನ್ನುವುದನ್ನೂ ಮರೆಯಬೇಡಿ. ಕಲ್ಲಿಗೆ ಆ ಕಾಲದಲ್ಲಿ ಒಂದೇ ಅರ್ಥ ಇರಲಿಲ್ಲ.

---

ಫಲಕಬರಹ:

ಕೋನಾರ್ಕದ ಹೋಲಿಕೆ ತುಂಬಾ ಉಪಯೋಗ ಆಯ್ತು, ಥ್ಯಾಂಕ್ಸ್. ಗಂಡು ಕಲ್ಲು, ಹೆಣ್ಣು ಕಲ್ಲಿನ ಬಗ್ಗೆ ಯಾರೂ ಹೇಳಲಿಲ್ಲ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕತೆ ಹಾಕಬಹುದಾ? ಇತಿಹಾಸ ಅಲ್ಲ ಅಂತ ಯಾರಾದರೂ ಬಯ್ದರೆ?

---

ತಾಲಮಾನ:

ಕತೆ ಅಂತಲೇ ಹಾಕಿ, ಆದರೆ ಕತೆಯೊಳಗಿನ ಕಸುಬನ್ನು ಬಿಡಬೇಡಿ.

ಶಿಲ್ಪಶಾಸ್ತ್ರದ ಗ್ರಂಥಗಳು ಕಲ್ಲನ್ನು ನಾದದ ಮೇಲೆ ಮೂರು ಮಾಡುತ್ತವೆ. ತಟ್ಟಿದರೆ ಗಂಟೆಯ ಹಾಗೆ ತುಂಬಿ ಮೊಳಗಿದರೆ ಪುಂಶಿಲೆ. ಕಂಚಿನ ತಾಳದ ಹಾಗೆ ತೆಳುವಾಗಿ ನುಡಿದರೆ ಸ್ತ್ರೀಶಿಲೆ. ನಾದವೇ ಇಲ್ಲದಿದ್ದರೆ ನಪುಂಸಕಶಿಲೆ. ಮೂರ್ತಿಗೆ ಮೊದಲನೆಯದು, ಪೀಠಕ್ಕೆ ಎರಡನೆಯದು, ಅಡಿಗಲ್ಲಿಗೆ ಮೂರನೆಯದು. ದೇವರಿಗೆ ಗಂಡು ಕಲ್ಲು, ದೇವಿಗೆ ಹೆಣ್ಣು ಕಲ್ಲು ಅನ್ನುವ ಪಾಠವೂ ಇದೆ. ಬಾಲ, ಯುವ, ವೃದ್ಧ ಅಂತ ಕಲ್ಲಿಗೆ ವಯಸ್ಸೂ ಉಂಟು. ನೆಲದಲ್ಲಿ ಮಲಗಿದ ಕಲ್ಲಿನ ಕೆಳಮೈ ಮೂರ್ತಿಯ ಮುಖ, ಮೇಲ್ಮೈ ಬೆನ್ನು. ಬಿಸಿಲು ಮಳೆ ತಿಂದ ಮೇಲ್ಮೈಯನ್ನು ಹಿಂದಕ್ಕೆ ಹಾಕುವುದು ಜಾಣತನವೂ ಹೌದು.

ಗಮನಿಸಿ, ಇಲ್ಲಿ ಗಂಡು ಹೆಣ್ಣು ಅನ್ನುವುದು ಕಲ್ಲಿನ ಜಾತಿಯಲ್ಲ. ಒಂದೇ ಗಣಿಯ ಎರಡು ತುಂಡು ಬೇರೆ ಬೇರೆ ಆಗಬಹುದು.

ನಾದದ ಪರೀಕ್ಷೆ ಮಾಡುವ ರೀತಿಯಲ್ಲೇ ಬಹಳ ಜನ ಎಡವುತ್ತಾರೆ. ನೆಲದ ಮೇಲೆ ಮಲಗಿಸಿ ತಟ್ಟಿದರೆ ಎಂಥ ಕಲ್ಲೂ ಮೊದ್ದು. ಮೂರಡಿ ಉದ್ದದ ತುಂಡಾದರೆ ಎರಡೂ ತುದಿಯಿಂದ ಸುಮಾರು ಎಂಟು ಇಂಚು ಒಳಗೆ, ಅಂದರೆ ಉದ್ದದ ಐದನೇ ಒಂದು ಪಾಲಿಗಿಂತ ತುಸು ಒಳಗೆ, ಎರಡು ಮರದ ಪಟ್ಟಿ ಕೊಟ್ಟು ಅದರ ಮೇಲೆ ಮಲಗಿಸಬೇಕು. ಕಲ್ಲು ಕಂಪಿಸುವಾಗ ಅಲುಗದ ಜಾಗ ಅದೇ, ಆದ್ದರಿಂದ ಪಟ್ಟಿ ನಾದವನ್ನು ನುಂಗುವುದಿಲ್ಲ. ನಡುವೆ ಸಣ್ಣ ಸುತ್ತಿಗೆಯಿಂದ ಹಗುರಾಗಿ ತಟ್ಟಿ, ಆಮೇಲೆ ಬೇರೆ ಬೇರೆ ಕಡೆ. ಒಂದು ಕಡೆ ಮಾತ್ರ ಸ್ವರ ಒಡೆದರೆ ಅಲ್ಲಿ ಬಿರುಕಿದೆ. ಒದ್ದೆ ಕಲ್ಲನ್ನು ಪರೀಕ್ಷಿಸಿ ನಪುಂಸಕ ಅಂತ ಬಿಸಾಡಬಾರದು, ಒಣಗಲು ಬಿಟ್ಟು ಮತ್ತೆ ತಟ್ಟಬೇಕು.

ಈಗ ಕಪ್ಪೆ. ಜಕಣಾಚಾರಿ ಕೆತ್ತಿದ ಮೂರ್ತಿಯಲ್ಲಿ ದೋಷವಿದೆ ಅಂತ ಅವನ ಮಗನೇ ಆದ ಹುಡುಗ ಡಂಕಣ ಹೇಳುತ್ತಾನೆ. ಗಂಧ ಬಳಿದರೆ ಮೈಯೆಲ್ಲ ಒಣಗಿ ಹೊಕ್ಕುಳ ಮಾತ್ರ ಹಸಿಯಾಗೇ ಉಳಿಯುತ್ತದೆ. ಅಲ್ಲಿ ಉಳಿ ಇಟ್ಟರೆ ನೀರು, ಕಪ್ಪೆ. ಶಾಸ್ತ್ರದಲ್ಲಿ ಇದಕ್ಕೆ ಗರ್ಭದೋಷ ಅಂತ ಹೆಸರು. ಕಲ್ಲಿನ ಮೇಲೆ ಕಾಣುವ ಮಂಡಲದ ಬಣ್ಣ ನೋಡಿ ಒಳಗೆ ಕಪ್ಪೆಯೋ ಹಲ್ಲಿಯೋ ಇನ್ನೊಂದೋ ಅಂತ ಹೇಳುವ ಪಟ್ಟಿಗಳೇ ಇವೆ. ಮುಚ್ಚಿದ ಕಲ್ಲಿನಲ್ಲಿ ಕಪ್ಪೆ ಬದುಕುವುದಿಲ್ಲ ಸರಿ. ಆದರೆ ಲೇಪ ಒಣಗುವುದನ್ನು ಕಾದು ನೋಡುವುದು ಒಳ್ಳೆಯ ಪರೀಕ್ಷೆ. ಕೂದಲೆಳೆ ಬಿರುಕು ನೀರನ್ನು ಹಿಡಿದಿಟ್ಟುಕೊಂಡು ನಿಧಾನ ಬಿಡುತ್ತದೆ, ಅದರ ಮೇಲಿನ ಲೇಪ ತಡವಾಗಿ ಒಣಗುತ್ತದೆ. ಅಂದರೆ ಕತೆ ಒಂದು ಪಾಠವನ್ನು ಹೊತ್ತು ತಂದಿದೆ: ಅಪ್ಪನ ಕೈ ದೊಡ್ಡದಿರಬಹುದು, ಕಲ್ಲು ಆರಿಸುವ ಕಣ್ಣು ಬೇರೆಯೇ ವಿದ್ಯೆ. ಆ ಮೂರ್ತಿ ಇರುವ ಗುಡಿ ಶಾಂತಲೆ ಕಟ್ಟಿಸಿದ್ದು ಅನ್ನುವುದು ಇತಿಹಾಸ, ಜಕಣಾಚಾರಿ ಜನರ ಕತೆ. ಎರಡನ್ನೂ ಎರಡು ವಾಕ್ಯದಲ್ಲಿ ಬಿಡಿಸಿ ಬರೆದರೆ ಯಾರೂ ಬಯ್ಯಲ್ಲ.

---

ಉಳಿಮೊನೆ:

ತಾಲಮಾನ ಅವರೇ, ಒಂದು ಸೇರಿಸುವೆ. ಟಾಲ್ಕ್ ಜಾಸ್ತಿ ಇರುವ ಕಲ್ಲು ಎಷ್ಟು ಚೆನ್ನಾಗಿ ಮಲಗಿಸಿ ತಟ್ಟಿದರೂ ಡಬ್ ಅನ್ನುತ್ತದೆಯೇ ಹೊರತು ಮೊಳಗಲ್ಲ. ಅತಿ ಮೆದು ಕಲ್ಲು ಗ್ರಂಥದ ಲೆಕ್ಕದಲ್ಲಿ ಮೂರ್ತಿಗೇ ಬರುವುದಿಲ್ಲ! ಗೋಡೆಯ ಬಳ್ಳಿಗೆ, ಮದನಿಕೆಗೆ ಒಗ್ಗುವ ಕಲ್ಲೇ ಬೇರೆ, ದಿನವೂ ಅಭಿಷೇಕ ತಡೆಯುವ ಗಟ್ಟಿ ಕಲ್ಲೇ ಬೇರೆ. "ಮೆದು, ಆದ್ದರಿಂದ ಶ್ರೇಷ್ಠ" ಅನ್ನುವ ವಾಕ್ಯ ಇಲ್ಲೇ ಬಿದ್ದುಹೋಗುತ್ತದೆ.

---

ಭೂಪದರ:

ಹೌದು. ಆ ಅತಿ ಮೆದು ಕಲ್ಲಿಗೂ ಬೇರೆ ಮರ್ಯಾದೆ ಇದೆ, ಅಡುಗೆಮನೆಯಲ್ಲಿ. ಗೊಜ್ಜು, ಹುಳಿ ಮಾಡುವ ಕಲ್ಲಿನ ಪಾತ್ರೆ ಅದೇ ಜಾತಿ. ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಹುಳಿಗೆ ಟಾಲ್ಕ್ ಜಗ್ಗುವುದಿಲ್ಲ. ಹೊಸದನ್ನು ನೇರ ಒಲೆಗಿಟ್ಟರೆ ಒಳಗಿನ ತೇವ ಆವಿಯಾಗಿ ಪದರ ಸೀಳುತ್ತದೆ. ಅದಕ್ಕೇ ಎಣ್ಣೆ ಸವರಿ, ಬಿಸಿ ಗಂಜಿ ತುಂಬಿಟ್ಟು, ಕೆಲವು ದಿನ ಪಳಗಿಸಿ ಆಮೇಲೆ ಸಣ್ಣ ಉರಿ. ಸಿಂಧೂ ಕಣಿವೆಯ ಮುದ್ರೆಗಳೂ ಸ್ಟಿಯಟೈಟ್, ಇದರ ನಂಟಿನ ಕಲ್ಲೇ. ಅವರು ಕೆತ್ತಿದ ಮೇಲೆ ಸುಟ್ಟು ಬೆಳ್ಳಗೆ, ಗಟ್ಟಿ ಮಾಡಿದರು. ಮೆದುವಾಗಿದ್ದಾಗ ಕೆತ್ತಿ ಆಮೇಲೆ ಗಡಸು ಮಾಡಿಕೊಳ್ಳುವ ಉಪಾಯ ನಿಜವಾಗಿ ನಡೆದದ್ದು ಬೆಂಕಿಯಿಂದ, ಗಾಳಿಯಿಂದಲ್ಲ.

ಬಣ್ಣದ ವಿಷಯ ಯಾರೂ ಎತ್ತಲಿಲ್ಲ. ಫಲಕದಲ್ಲಿ "ಕಪ್ಪು ಕಲ್ಲು" ಅಂತ ಹಾಕಬೇಡಿ. ಹೊಯ್ಸಳ ಕಲ್ಲಿನ ಸ್ವಂತ ಬಣ್ಣ ಬೂದು ಮಿಶ್ರಿತ ಹಸಿರು. ಗರ್ಭಗುಡಿಯಲ್ಲಿ ಕಾಣುವ ಮಿರುಗುವ ಕಪ್ಪು ಎಣ್ಣೆ, ತುಪ್ಪ, ಹೊಗೆ, ಕೈ ಸೇರಿ ಆದದ್ದು. ಎಣ್ಣೆ ಕಣಗಳ ಸಂದಿಗೆ ಇಳಿದರೆ ಬೆಳಕು ಚದುರುವುದು ಕಡಿಮೆಯಾಗಿ ಕಲ್ಲು ಕಪ್ಪಾಗಿ ಕಾಣುತ್ತದೆ. ಮ್ಯೂಸಿಯಮ್ಮಿನ ಮೂರ್ತಿಯನ್ನೂ ಪೂಜೆಯ ಮೂರ್ತಿಯನ್ನೂ ಪಕ್ಕಪಕ್ಕ ಇಟ್ಟರೆ ಎರಡು ಕಲ್ಲು ಅನ್ನಿಸುತ್ತದೆ. ಆದರೆ ಹೊಳಪು ಬರಲಿ ಅಂತ ಹೊರಗೋಡೆಗೆ ಎಣ್ಣೆ ಹಚ್ಚುವುದು ಕೆಟ್ಟ ಕೆಲಸ. ಧೂಳು ಅಂಟಿ, ಗಟ್ಟಿ ಸಿಪ್ಪೆ ಕಟ್ಟಿ, ಕೆತ್ತನೆಯ ಕುಳಿಗಳೇ ತುಂಬಿಹೋಗುತ್ತವೆ. ತಂತಿ ಬ್ರಷ್ಷು, ಆಸಿಡ್ಡು ಇನ್ನೂ ಕೆಟ್ಟದ್ದು. ಕೆಲವು ಕಲ್ಲಿನಲ್ಲಿ ಕಾರ್ಬೋನೇಟ್ ಬೆರೆತಿರುತ್ತದೆ, ಆಸಿಡ್ ಅದನ್ನಷ್ಟೇ ತಿಂದು ಮೈಯನ್ನು ಜಾಲರಿ ಮಾಡುತ್ತದೆ.

---

ಫಲಕಬರಹ:

ಕೊನೇ ಪ್ರಶ್ನೆ. ಈ ಫಲಕದ ಜೊತೆ ಯಾವ ಫೋಟೋ? ಮದನಿಕೆ ಎಲ್ಲರೂ ಹಾಕ್ತಾರೆ.

---

ರೂವಾರಿ_ಓದು:

ಶಿಲ್ಪಿಯ ಸಹಿಯ ಫೋಟೋ ಹಾಕಿ. ವಿಗ್ರಹದ ಪಾದ, ಕೆಳಗಿನ ಪಟ್ಟಿ, ಅಕ್ಷರ, ಇಷ್ಟೇ ಚೌಕಟ್ಟಿನೊಳಗೆ. ನೇರ ಫ್ಲಾಶ್ ಹೊಡೆದರೆ ಅಕ್ಷರ ಸತ್ತುಹೋಗುತ್ತವೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಪಕ್ಕದಿಂದ ಬೆಳಕು ಬೀಳುವಾಗ ತೆಗೆಸಿ. ಅಳತೆ ತಿಳಿಯಲು ಪಕ್ಕದಲ್ಲಿ ಸ್ಕೇಲ್ ಇರಲಿ, ಕಲ್ಲಿಗೆ ಅಂಟಿಸಬೇಡಿ. ಕೆಳಗೆ ಹಳಗನ್ನಡ ಪಾಠ, ಅದರ ಕೆಳಗೆ ಈಗಿನ ಕನ್ನಡ.

---

ಉಳಿಮೊನೆ:

ಇನ್ನೊಂದು ಫೋಟೋಗೆ ಜಾಗ ಇದ್ದರೆ ಕೆತ್ತನೆ ಪೂರ್ತಿಯಾಗದ ಭಾಗ. ಹೊಯ್ಸಳೇಶ್ವರದ ಕೆಲಸ ಮುಗಿಯಲೇ ಇಲ್ಲ, ಹುಡುಕಿದರೆ ಸಿಗುತ್ತವೆ. ಒಂದು ಕಡೆ ಬರೀ ಗೀರಿದ ಗೆರೆ, ಪಕ್ಕದಲ್ಲಿ ಒರಟು ಉಬ್ಬು ಕಂಡರೆ ಮಕ್ಕಳಿಗೆ ಉಳಿ ಯಾವ ಕಡೆಯಿಂದ ಬಂತು ಅಂತ ನಾವು ಹೇಳಬೇಕಾಗಿಲ್ಲ.